ಬಾಗಿಲಲ್ಲಿ ಬೂಟು, ದೇವರ ಮುಂದೆ ಬ್ಲೇಡು

ಐಸ್ ಮೇಲೆ ಸ್ಕೇಟಿಂಗ್ ಮಾಡಿ ಸಂಬಳ ತಗೊಳ್ಳೋ ಹುಡುಗಿ ಇಲ್ಲಿನ ಕನ್ನಡದವರಲ್ಲಿ ಬಹುಶಃ ನಾನೇ ಮೊದಲು. ಅದಕ್ಕೇ ಏನೋ, ಐಸ್ ಮೇಲೆ ಬಿದ್ದಿದ್ದಕ್ಕಿಂತ ನಮ್ಮ ಜನರ ಕೈಗೆ ಸಿಕ್ಕಿಬಿದ್ದಿದ್ದೇ ಜಾಸ್ತಿ. ಊರೂರು ಸುತ್ತೋ ಶೋ ನಮ್ಮದು. ಬ್ರಿಸ್ಬೇನಿನಲ್ಲೇ ಇರೋ ಅಮ್ಮ ಮಾತ್ರ ಒಂದು ಶೋಗೂ ಬಂದಿರಲಿಲ್ಲ. "ಆಟಕ್ಕೆ ಸಂಬಳ ಕೊಟ್ಟ ಮಾತ್ರಕ್ಕೆ ಕೆಲಸ ಆಗಿಬಿಡುತ್ತಾ?" ಅನ್ನೋಳು. ಅವಳು ಒಂದು ಸಲ ಬಂದು ನೋಡಲಿ ಅನ್ನೋದೇ ನನ್ನ ಆಸೆ.

ಪರ್ತ್

ರಜೆ ದಿನ ಡಾಕ್ಟರ್ ಆಂಟಿಯೊಬ್ಬರು ಊಟಕ್ಕೆ ಕರೆದಿದ್ದರು. ಬಿಸಿಬೇಳೆಬಾತ್ ಬಡಿಸ್ತಾ, "ಏನು ಕೆಲಸ ಪುಟ್ಟಾ?" ಅಂದರು.

"ಸ್ಕೇಟಿಂಗ್ ಆಂಟಿ, ಐಸ್ ಮೇಲೆ."

"ಅದು ಸರಿ, ಹಗಲು ಹೊತ್ತು?"

"ಹಗಲೂ ಅದೇ, ಪ್ರಾಕ್ಟೀಸು."

ಆಂಟಿಗೆ ಕನಿಕರ ಬಂತು ಅಂತ ಕಾಣುತ್ತೆ, ಇನ್ನೊಂದು ಸೌಟು ಹಾಕಿದರು. ನಾನು ಹೊರಡೋವಾಗ ಗಂಡನನ್ನ ಪಕ್ಕಕ್ಕೆ ಕರೆದು, "ನಿಮ್ಮ ಆಫೀಸಲ್ಲಿ ಏನಾದ್ರೂ ಖಾಲಿ ಇದ್ಯೇನ್ರೀ?" ಅಂತ ಕೇಳ್ತಿದ್ದರು.

ಅಡಿಲೇಡ್

ಶೋ ಡ್ರೆಸ್ಸಿನ ಫೋಟೋ ಅಪ್ಪನಿಗೆ ಕಳಿಸಿದೆ. ಫೋನ್ ಬಂದಿದ್ದು ಅಮ್ಮನದು.

"ಕಾಲಿಗೆ ಏನೂ ಹಾಕಿಲ್ವಲ್ಲೇ?"

"ಹಾಕಿದೀನಮ್ಮ, ಸೊಂಟದಿಂದ ಪಾದದವರೆಗೂ ಸ್ಟಾಕಿಂಗ್ಸ್. ಮೈಬಣ್ಣದ್ದು, ಅದಕ್ಕೆ ಗೊತ್ತಾಗ್ತಿಲ್ಲ."

"ಹಾಕ್ಕೊಂಡಿದೀಯ ಅಂತ ಗೊತ್ತಾಗೋ ಬಣ್ಣದ್ದು ಆ ಊರಲ್ಲಿ ಸಿಗಲ್ವಾ?"

ಮುಂದಿನ ವಾರ ಪಾರ್ಸೆಲ್ ಬಂತು. ಬಿಚ್ಚಿದರೆ ಗಿಳಿಹಸಿರು ಲೆಗ್ಗಿಂಗ್ಸ್, ಎರಡು ಜೊತೆ.

ಬ್ರಿಸ್ಬೇನ್

ಶೋ ನಮ್ಮೂರಿಗೇ ಬಂದಿದ್ದು ಆಯುಧಪೂಜೆ ದಿನ. ಫಾರೆಸ್ಟ್ ಲೇಕ್ ಬಡಾವಣೆಯ ನಮ್ಮ ಮನೆಯಲ್ಲಿ ಬೆಳಿಗ್ಗೆಯೇ ಅಪ್ಪನ ಲ್ಯಾಪ್‌ಟಾಪು, ಕಾರು, ಈಳಿಗೆಮಣೆ ಎಲ್ಲಕ್ಕೂ ಕುಂಕುಮ ಬಿತ್ತು. ಮೂಲೆಯಲ್ಲಿದ್ದ ನನ್ನ ಸ್ಕೇಟ್ಸ್, ಅಂದ್ರೆ ಅಡಿಗೆ ಬ್ಲೇಡು ಕೂರಿಸಿದ ಬೂಟು, ನೋಡಿ ಅಮ್ಮ ನಿಂತಳು.

"ಅನ್ನ ಕೊಡುತ್ತಲ್ಲ, ಇದಕ್ಕೂ ಪೂಜೆ ಆಗಬೇಕು. ಆದರೆ ಬೂಟಿದೆ. ದೇವರ ಮುಂದೆ ಹೇಗಿಡಲಿ?"

ಅನ್ನ ಕೊಡುತ್ತೆ ಅಂದಳಲ್ಲ, ನನಗೆ ಅಷ್ಟೇ ಸಾಕಾಗಿತ್ತು. ಸ್ನಾನಕ್ಕೆ ಎದ್ದುಹೋದೆ. ಬರೋ ಅಷ್ಟರಲ್ಲಿ ನಮ್ಮ ಎಂಜಿನಿಯರ್ ಅಪ್ಪ ಸ್ಕ್ರೂಡ್ರೈವರ್ ಹಿಡಿದು ಸಮಸ್ಯೆ ಬಗೆಹರಿಸಿದ್ದರು. ಬೂಟು ಬಾಗಿಲ ಹತ್ತಿರ, ಬ್ಲೇಡು ದೇವರ ಮುಂದೆ, ಮೇಲೆ ಸೇವಂತಿಗೆ.

"ಅಯ್ಯೋ ಅಪ್ಪಾ, ಬಿಚ್ಚಿದ್ಯಾಕೆ?" ಅಂದೆ. ಬ್ಲೇಡು ಕೂರಿಸೋಕೆ ಅಂತಲೇ ಪಳಗಿದ ಜನ ಇದ್ದಾರೆ, ಕೂದಲೆಳೆಯಷ್ಟು ಆಚೀಚೆ ಆದರೂ ಕಾಲು ಮಾತು ಕೇಳಲ್ಲ. "ಬರೀ ಸ್ಕ್ರೂ ತಾನೇ" ಅಂತ ಅಪ್ಪ ತಾವೇ ತಿರುಗಿ ಜೋಡಿಸಿದರು. ಮಧ್ಯಾಹ್ನಕ್ಕೇ ಶೋ, ಇನ್ನೊಬ್ಬರ ಹತ್ತಿರ ಒಯ್ಯೋಕೆ ಹೊತ್ತಿಲ್ಲ. ಅಷ್ಟರಲ್ಲಿ ಅಮ್ಮ ರೇಷ್ಮೆ ಸೀರೆ ಉಟ್ಟು ಬಂದಳು. "ಪೂಜೆ ಮಾಡಿದ್ದು ಹೇಗೆ ಓಡುತ್ತೆ ನೋಡಬೇಕಲ್ಲ, ನಾನೂ ಬರ್ತೀನಿ." ಸ್ಕೇಟ್ಸ್ ಬ್ಯಾಗಿಗೆ ಹಾಕಿ ನಾನೂ ಕಾರು ಹತ್ತಿದೆ.

ಐಸಿಗೆ ಇಳಿದಿದ್ದೇ ತಡ, ಸ್ಕೇಟು ಎಡಕ್ಕೆ ಎಳೀತು. ಎಲ್ಲರೂ ನೇರ ಹೋದರೆ ನಾನೊಬ್ಬಳೇ ಎಡಗಡೆ, ಐಸಿನ ಅಂಚಿನ ಕಟಕಟೆಗೆ ಹೋಗಿ, ಅದನ್ನ ಹಿಡಿದು ನಕ್ಕು, ವಾಪಸ್ ಓಡಿಬರೋದು. ಪ್ರತಿ ಸುತ್ತಿಗೂ ಇದೇ ಗತಿ. ಶೋ ಮುಗಿದ ಮೇಲೆ ಮ್ಯಾನೇಜರ್ ಹತ್ತಿರ ಚೆನ್ನಾಗಿ ಉಗಿಸಿಕೊಂಡು ಹೊರಗೆ ಬಂದೆ. ಇನ್ನು ಅಮ್ಮ ಜನ್ಮದಲ್ಲಿ ಬರಲ್ಲ ಅಂತ ಅಳುವೇ ಬಂದಿತ್ತು.

ಬಾಗಿಲಲ್ಲಿ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ತಾ ಯಾರೋ ಆಂಟಿಗೆ ಹೇಳ್ತಿದ್ದಳು, "ಬೇರೆಯವರೆಲ್ಲ ಅವರ ಪಾಡಿಗೆ ಆಡ್ತಿದ್ರು ಕಣ್ರೀ. ನನ್ನ ಮಗಳು ನೋಡಿ, ಪ್ರತಿ ಸುತ್ತಿಗೂ ನಾನು ಕೂತಿದ್ದ ಕಡೆಗೇ ಬಂದು ನಕ್ಕು ಹೋದ್ಲು."

ಪಕ್ಕದಲ್ಲಿ ಅಪ್ಪ ನೆಲ ನೋಡ್ತಾ ನಿಂತಿದ್ದರು. ಅಮ್ಮ ನನ್ನ ಕೈ ಹಿಡಿದಳು.

"ನಾಳೆಗೂ ಟಿಕೆಟ್ ತಗೊಂಡಿದೀನಿ ಕಣೇ. ಅದೇ ಎಡಗಡೆ ಸೀಟು."