ಹನ್ನೆರಡು ಬಟನ್ನಿನ ಡಬ್ಬ

ನೋಡಿದವರಿಗೆ ಏನಂತ ಗೊತ್ತಾಗದ ಸಾಮಾನೊಂದನ್ನ ಬ್ಯಾಗಲ್ಲಿಟ್ಟುಕೊಂಡು ಬೆಂಗಳೂರಲ್ಲಿ ಓಡಾಡಿ ನೋಡಿ. ನಗುವಂಥ ಪ್ರಸಂಗಗಳನ್ನ ನೀವು ಹುಡುಕಬೇಕಾಗಿಲ್ಲ, ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ನನ್ನ ಬ್ಯಾಗಲ್ಲಿ ಅಂಥದ್ದೊಂದು ಐದಾರು ವರ್ಷ ಇತ್ತು.

ಆಗ ನಾನು ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಕಂಟ್ರೋಲ್ ಪ್ಯಾನೆಲ್‌ಗಳಿಗೆ ವೈರಿಂಗ್ ಮಾಡುತ್ತಿದ್ದೆ. ಪ್ಯಾನೆಲ್ ಅಂದ್ರೆ ಇನ್ನೇನಲ್ಲ, ಮೋಟರ್ ಪಕ್ಕದಲ್ಲಿ ನಿಂತಿರೋ ಕಬ್ಬಿಣದ ಡಬ್ಬ. ಹಸಿರು ಬಟನ್ ಒತ್ತಿದರೆ ಓಡುತ್ತೆ, ಕೆಂಪು ಒತ್ತಿದರೆ ನಿಲ್ಲುತ್ತೆ. ಮನೆ ಟಿ. ದಾಸರಹಳ್ಳಿಯಲ್ಲಿ, ಅದಿನ್ನೂ ಹಳ್ಳಿಯಾಗಿದ್ದಾಗ ನಮ್ಮ ತಾತ ಕಟ್ಟಿಸಿದ್ದು. ಮೇಲಿನ ರೂಮಿಗೆ ಬಾಗಲಕೋಟೆ ಕಡೆಯವನೊಬ್ಬ ಬಾಡಿಗೆಗೆ ಬಂದಿದ್ದ. ನಮ್ಮ ಫ್ಯಾಕ್ಟರಿಯ ಹಿಂದಿನ ಗಲ್ಲಿಯಲ್ಲಿ ತಗಡು ಒತ್ತೋ ಪ್ರೆಸ್ ಶಾಪಿನಲ್ಲಿ ಕೆಲಸ. ಬಾಡಿಗೆಯವನಾಗಿ ಬಂದು ಎರಡು ತಿಂಗಳಲ್ಲಿ ಗೆಳೆಯನಾದ. ಇಬ್ಬರಿಗೂ ಒಂದೇ ಹುಚ್ಚು, ಟಿವಿ ಪರದೆ ಮೇಲೆ ಇಬ್ಬರು ಎದುರುಬದುರು ನಿಂತು ಗುದ್ದಾಡೋ ಗೇಮ್. ಭಾನುವಾರ ಬಂತು ಅಂದ್ರೆ ಮತ್ತಿಕೆರೆಯಲ್ಲಿ ಬೇಕರಿ ಮೇಲಿದ್ದ ಗೇಮ್ ಸೆಂಟರ್‌ನಲ್ಲಿ ಕಾಲೇಜು ಹುಡುಗರ ಮಧ್ಯೆ ನಾವಿಬ್ಬರು ವಯಸ್ಸಾದ ಮೀಸೆಯವರು. ಈಗ ಆ ಮಹಡಿಯಲ್ಲಿ ಕನ್ನಡಕದ ಅಂಗಡಿ ಇದೆ. ಆ ಕಡೆ ಹೋದಾಗಲೆಲ್ಲ ಒಂದು ಸಲ ಕತ್ತೆತ್ತಿ ನೋಡುತ್ತೇನೆ.

ಡಾಕ್ಟರ್ ಕೇಳಿದ್ದು

ಒಂದು ದಿನ ಪ್ರೆಸ್ಸಿಗೆ ಸಿಕ್ಕಿ ಗೆಳೆಯನ ಎಡಗೈ ಹೆಬ್ಬೆರಳು ಮೊದಲ ಗೆಣ್ಣಿನವರೆಗೆ ಹೋಯಿತು. ನಾನು ಆಸ್ಪತ್ರೆಗೆ ಓಡಿದಾಗ ಡಾಕ್ಟರ್ ಬ್ಯಾಂಡೇಜ್ ಮುಗಿಸಿ ಸಮಾಧಾನ ಹೇಳುತ್ತಿದ್ದರು.

"ಬರೆಯೋದು ಯಾವ ಕೈಯಲ್ಲಪ್ಪ?"

"ಬಲಗೈಲೆ ರೀ."

"ಊಟ?"

"ಅದೂ ಬಲಗೈನ ರೀ."

"ಮತ್ತೆ ಚಿಂತೆ ಯಾಕೆ? ಒಂದೂವರೆ ತಿಂಗಳಲ್ಲಿ ಎಲ್ಲಾ ಕೆಲಸ ಮಾಡ್ಕೋಬಹುದು."

ಅವನು ಬ್ಯಾಂಡೇಜನ್ನೇ ನೋಡುತ್ತಾ ಹೇಳಿದ: "ಕೆಲಸ ಹ್ಯಾಂಗರ ಮಾಡ್ತೀನ್ರಿ ಡಾಕ್ಟ್ರ. ಭಾನುವಾರದ್ದು ಹೇಳ್ರಿ."

ಕೆಳಗಿಳಿಯದ ಆಟಗಾರ

ಡಾಕ್ಟರಿಗೆ ಅರ್ಥವಾಗಲಿಲ್ಲ, ನನಗೆ ಆಯಿತು. ಆ ಗೇಮಿನ ರಿಮೋಟಿನಲ್ಲಿ ಹಿಂದೆ ಮುಂದೆ ಹೋಗೋದು, ಕೂರೋದು, ಹಾರೋದು ಎಲ್ಲಾ ಒಂದು ಪುಟ್ಟ ಕಡ್ಡಿಯಲ್ಲಿ, ಅದನ್ನ ತಳ್ಳೋದು ಎಡಗೈ ಹೆಬ್ಬೆರಳಿನದೇ ಕೆಲಸ. ಗಾಯ ಮಾಗಿದ ಮೇಲೆ ಅವನು ಒಂದು ಭಾನುವಾರ ರಿಮೋಟ್ ಹಿಡಿದ, ಅರ್ಧ ಆಟಕ್ಕೇ ಕೆಳಗಿಟ್ಟ. ಆಮೇಲೆ ಕರೆದಾಗಲೆಲ್ಲ "ಕಣ್ಣು ನೋಯಾಕತ್ತಾವು, ನೀ ಹೋಗಿ ಬಾ" ಅನ್ನುತ್ತಿದ್ದ. ಮೇಲಿನ ರೂಮಿನ ಲೈಟು ಹಾಕದೆ ಕೂತಿರುತ್ತಿದ್ದ. ನಮ್ಮಮ್ಮ ಉಪ್ಪಿಟ್ಟು ತಗೊಂಡು ಹೋದರೆ ತಟ್ಟೆ ಹಾಗೇ ವಾಪಸ್ ಬರುತ್ತಿತ್ತು.

ಆ ಸಮಯದಲ್ಲಿ ಗೇಮ್ ಸೆಂಟರ್‌ನ ಹುಡುಗನೊಬ್ಬ ತನ್ನ ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಫಾರಿನ್‌ನಲ್ಲಿ ಕೆಲವರು ಹೀಗೂ ಆಡ್ತಾರಂತೆ. ಮಡಿಲ ಮೇಲೆ ಒಂದು ಚಪ್ಪಟೆ ಡಬ್ಬ, ಅದರ ತುಂಬ ಬರೀ ಬಟನ್. ಎಡಕ್ಕೊಂದು, ಬಲಕ್ಕೊಂದು, ಕೂರೋಕೊಂದು, ಹಾರೋಕೆ ಕೆಳಗಡೆ ದೊಡ್ಡದೊಂದು, ಹೊಡೆಯೋಕೆ ಎಂಟು. ಹತ್ತೂ ಬೆರಳಿಗೆ ಕೆಲಸ. ನೋಡಿದ ತಕ್ಷಣ ಅನ್ನಿಸಿತು: ಗುರು, ಇದು ಪ್ಯಾನೆಲ್ಲು! ನಾನು ಹೊಟ್ಟೆಪಾಡಿಗೆ ಮಾಡೋದೇ ಇದು!

ನಮ್ಮ ಸೂಪರ್‌ವೈಸರ್ ಹತ್ತಿರ ಕೇಳಿ ರಿಜೆಕ್ಟ್ ಆದ ಬಟನ್‌ಗಳನ್ನ ಆರಿಸಿಕೊಂಡೆ. ಹಳೇ ರಿಮೋಟೊಂದನ್ನ ಬಿಚ್ಚಿ ಅದರ ಬೋರ್ಡಿಗೆ ವೈರ್ ಬೆಸುಗೆ ಹಾಕಿದೆ. ಹಾರೋ ಬಟನ್ ಮೊಂಡು ಹೆಬ್ಬೆರಳಿಗೂ ಸುಲಭವಾಗಿ ಸಿಗಬೇಕಲ್ಲ, ಅದಕ್ಕೆ ಅಣಬೆ ಥರ ತಲೆಯಿರೋ ದೊಡ್ಡ ಕೆಂಪು ಎಮರ್ಜೆನ್ಸಿ ಬಟನ್ ಕೂರಿಸಿದೆ. ಗೆಳೆಯನನ್ನ ಎಳೆದುಕೊಂಡೇ ಮತ್ತಿಕೆರೆಗೆ ಹೋದೆ.

ಒಂದನ್ನ ಮರೆತಿದ್ದೆ. ಎಮರ್ಜೆನ್ಸಿ ಬಟನ್ ಒಂದು ಸಲ ಒತ್ತಿದರೆ ಒಳಗೇ ಕಚ್ಚಿಕೊಳ್ಳುತ್ತೆ. ತಿರುಗಿಸಿ ಬಿಡಿಸೋ ತನಕ ಮೇಲೆ ಬರೋದೇ ಇಲ್ಲ. ಆಟ ಶುರುವಾಯಿತು, ಗೆಳೆಯ ಒಂದು ಸಲ ಹಾರಲು ಒತ್ತಿದ, ಅವನ ಆಟಗಾರ ಹಾರಿದ. ಮತ್ತೆ ಹಾರಿದ. ಹಾರುತ್ತಲೇ ಹೋದ. ಗೆಳೆಯ ಗಾಬರಿಯಿಂದ ಬಲಗೈಯಲ್ಲಿ ಸಿಕ್ಕ ಸಿಕ್ಕ ಬಟನ್ ಒತ್ತುತ್ತಿದ್ದ, ಆಕಾಶದಿಂದ ಒದೆಗಳು ಬೀಳುತ್ತಿದ್ದವು. ಎದುರಿಗಿದ್ದ ಕಾಲೇಜು ಹುಡುಗ ಸ್ವಲ್ಪ ಹೊತ್ತು ಸಹಿಸಿಕೊಂಡ. ಆಮೇಲೆ ರಿಮೋಟ್ ಬಿಟ್ಟು ಕೈಮುಗಿದ.

"ಅಣ್ಣಾ, ಒಂದೇ ಒಂದ್ಸಲ ಕೆಳಗಿಳೀರಣ್ಣ. ನಾನೂ ದುಡ್ಡು ಕೊಟ್ಟಿದೀನಿ."

ಗೆಳೆಯ ನಗೋಕೆ ಶುರು ಮಾಡಿದ. ಬೆರಳು ಹೋದಮೇಲೆ ಅವನು ನಕ್ಕಿದ್ದು ಅದೇ ಮೊದಲು.

ಸೊಟ್ಟ ಸರಿ ಮಾಡಿದ್ದು

ಆಮೇಲೆ ಎಲೆಕ್ಟ್ರಾನಿಕ್ ಸಾಮಾನು ಸಿಗೋ ಎಸ್.ಪಿ. ರೋಡಿಗೆ ಹೋಗಿ ಗೇಮಿನವೇ ಆದ ಮೆತ್ತನೆ ಬಟನ್ ತಂದೆ. ಡಬ್ಬವೂ ಮರದ್ದಾಗಲಿ ಅಂತ ನಮ್ಮ ಬೀದಿಯ ಬಡಗಿ ಹತ್ತಿರ ಹೋದೆ. ಅವರು ದೇವರ ಮಂಟಪ ಮಾಡೋದರಲ್ಲಿ ಎತ್ತಿದ ಕೈ. ಗೆಳೆಯನ ಎರಡೂ ಕೈಯನ್ನ ಕಾಗದದ ಮೇಲಿಟ್ಟು, ಯಾವ ಬೆರಳು ಎಲ್ಲಿಗೆ ಬರುತ್ತೋ ಅಲ್ಲಲ್ಲೇ ತೂತಿನ ಗುರುತು ಹಾಕಿದ್ದೆ. ಬೆರಳುಗಳು ಒಂದೇ ಉದ್ದ ಇರಲ್ಲವಲ್ಲ, ಗುರುತುಗಳೂ ಮೇಲೆ ಕೆಳಗೆ ಆಗಿದ್ದವು. ಹೆಬ್ಬೆರಳಿನ ಗುರುತಂತೂ ಎಲ್ಲಕ್ಕಿಂತ ಬೇರೆ ಜಾಗದಲ್ಲಿತ್ತು. ಅದನ್ನ ಹಾಕೋಕೆ ನಾವಿಬ್ಬರೂ ಒಂದಿಡೀ ಸಂಜೆ ತಗೊಂಡಿದ್ದೆವು.

ಬಡಗಿ ಕಾಗದವನ್ನ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಾರ್ಮೋನಿಯಮ್ಮಾ?"

"ಅಲ್ಲ ಸ್ವಾಮಿ, ಆಟದ ಸಾಮಾನು."

"ಆಯ್ತು, ಶುಕ್ರವಾರ ಬಾ."

ಶುಕ್ರವಾರ ಹೋದರೆ ತೇಗದ ಡಬ್ಬ ಫಳಫಳ ಅಂತಿದೆ. ನಾಲ್ಕು ಮೂಲೆಗೂ ಕಮಲದ ಹೂವು ಕೆತ್ತಿದ್ದಾರೆ. ಹನ್ನೆರಡು ತೂತುಗಳು ಮಾತ್ರ ಸ್ಕೇಲ್ ಇಟ್ಟ ಹಾಗೆ ಆರಾರರಂತೆ ಎರಡು ಸಾಲು, ಇಡ್ಲಿ ತಟ್ಟೆಯಷ್ಟು ಶಿಸ್ತು. ನನಗೆ ಅಳು ಬಂತು.

ಬಡಗಿ ನನ್ನ ಮುಖ ನೋಡಿ ಬೆನ್ನು ತಟ್ಟಿದರು. "ಸಂಕೋಚ ಪಡಬೇಡ. ನಿನ್ ಡ್ರಾಯಿಂಗ್ ಪೂರಾ ಸೊಟ್ಟ ಇತ್ತು, ನಾನೇ ಸರಿ ಮಾಡಿದೀನಿ. ಅದಕ್ಕೆ ಎಕ್ಸ್‌ಟ್ರಾ ಏನೂ ಬೇಡ."

ಮಹಡಿ ಮೇಲಿನ ಟೈಲರ್

ಎರಡನೇ ಸಲ ಬಡಗಿಯ ಪಕ್ಕದಲ್ಲೇ ನಿಂತು ತೂತು ಹಾಕಿಸಿದೆ. ಗೆಳೆಯ ಕೆಲಸ ಮುಗಿಸಿ ಬಂದವನೇ ಮಡಿಲ ಮೇಲೆ ಡಬ್ಬ ಇಟ್ಟುಕೊಂಡು ಅಭ್ಯಾಸಕ್ಕೆ ಕೂರುತ್ತಿದ್ದ. ಟಕಟಕ ಟಕಟಕ ಅಂತ ಶಬ್ದ ಬೀದಿಗೆಲ್ಲ ಕೇಳುತ್ತಿತ್ತು.

ಒಂದು ಸಂಜೆ ಎದುರುಮನೆ ಆಂಟಿ ನೇರವಾಗಿ ಮಹಡಿ ಹತ್ತಿ ಹೋಗಿ ಅವನ ಕೈಗೆ ಒಂದು ರೇಷ್ಮೆ ಸೀರೆ ಕೊಟ್ಟರು. "ಫಾಲ್ಸ್ ಹಾಕಿಡಪ್ಪ. ಗುರುವಾರ ಮದುವೆ ಇದೆ." ಅವನು ಬಾಯಿ ತೆರೆಯೋದರೊಳಗೆ ಇಳಿದು ಹೋಗಿದ್ದರು. ದೊಡ್ಡವರಿಗೆ ಇಲ್ಲ ಅನ್ನೋದು ಹೇಗೆ ಅಂತ ಇವನು ಸೀರೆ ಹಿಡಿದುಕೊಂಡು ನಮ್ಮಮ್ಮನ ಮುಂದೆ ಬಂದು ನಿಂತ.

"ಅಮ್ಮಾರ, ಈಗ ಏನ್ ಮಾಡ್ಲಿ ರೀ?"

ಅಮ್ಮ ನಕ್ಕೂ ನಕ್ಕೂ ಸುಸ್ತಾಗಿ, ಎರಡು ಮಧ್ಯಾಹ್ನ ಕೂತು ಕೈಯಲ್ಲೇ ಫಾಲ್ಸ್ ಹೊಲಿದು ಕೊಟ್ಟರು. ಗುರುವಾರ ಆಂಟಿ ಸೀರೆ ಬಿಡಿಸಿ ನೋಡಿ ಅಮ್ಮನ ಹತ್ತಿರ ಗುಟ್ಟಾಗಿ ಹೇಳಿದರು: "ಹುಡುಗನ ಕೈ ಚೆನ್ನಾಗಿದೆ ಕಣ್ರೀ. ಆದ್ರೆ ವಾರಪೂರ್ತಿ ಮಿಷನ್ ಓಡಿಸಿ ಒಂದೇ ಸೀರೆನಾ?"

ಎಡವೂ ಬಲವೂ

ಮುಂದಿನ ವರ್ಷ ಅವನಿಗೆ ಮದುವೆಯಾಯಿತು, ಹೆಂಡತಿ ಮೇಲಿನ ರೂಮಿಗೆ ಬಂದಳು, ಊರಿಂದ ಅವನ ಅವ್ವನೂ ಬಂದರು. ಅದೇ ಸುಮಾರಿಗೆ ಹೆಬ್ಬಾಳದ ಕಡೆಯ ಒಂದು ಮಾಲ್‌ನಲ್ಲಿ ಈ ಗೇಮಿನ ಪಂದ್ಯ ಇದೆ ಅಂತ ಗೊತ್ತಾಗಿ ಹೆಸರು ಕೊಟ್ಟೆವು.

ಗೇಟಿನಲ್ಲಿ ಸೆಕ್ಯೂರಿಟಿಯವರು ಬ್ಯಾಗ್ ತೆಗೆಸಿದರು. ಕಮಲದ ಹೂವಿನ ಡಬ್ಬ, ಹನ್ನೆರಡು ಬಟನ್, ಹಿಂದಿನಿಂದ ಒಂದು ವೈರು.

"ಏನಿದು?"

"ಗೇಮ್ ಆಡೋದು ಸರ್."

"ಹಾಗಾದ್ರೆ ಒತ್ತಿ ತೋರಿಸಿ."

ಗೆಳೆಯ ಒತ್ತಲು ಕೈ ಮುಂದೆ ಮಾಡಿದ. ಸೆಕ್ಯೂರಿಟಿಯವರು ನಾಲ್ಕು ಹೆಜ್ಜೆ ಹಿಂದೆ ಹೋಗಿ, "ಬೇಡ ಬೇಡ, ಒತ್ತಬೇಡಿ!" ಅಂತ ಕೂಗಿದರು. ಅವರ ಮೇಲಿನವರು ಓಡಿ ಬಂದು ಡಬ್ಬವನ್ನ ನೋಡಿ ಬೈದರು. "ಲಿಫ್ಟ್ ರಿಪೇರಿಯವರು ಕಣೋ! ಎಷ್ಟೊತ್ತಿಂದ ಕಾಯ್ತಿದೀನಿ. ಬನ್ನಿ ಸಾರ್, ಹಿಂದ್ಗಡೆ ಲಿಫ್ಟ್ ಬೆಳಗ್ಗೆಯಿಂದ ನಿಂತಿದೆ."

ಅಲ್ಲ ಅಂದರೆ ಒಳಗೆ ಬಿಡಲ್ಲ, ಹೌದು ಅಂದರೆ ಲಿಫ್ಟು. ಹೋದೆವು. ಪ್ಯಾನೆಲ್ ತೆಗೆದು ನೋಡಿದರೆ ಒಂದು ವೈರ್ ಸಡಿಲ ಆಗಿತ್ತು. ಬಿಗಿ ಮಾಡಿದೆ, ಲಿಫ್ಟ್ ಓಡಿತು, ಸೆಲ್ಯೂಟ್ ಹೊಡೆದು ಒಳಗೆ ಬಿಟ್ಟರು.

ಪಂದ್ಯದಲ್ಲಿ ಇನ್ನೊಂದು ತಕರಾರು ಕಾದಿತ್ತು. ಎದುರಾಳಿ ಹುಡುಗ ಡಬ್ಬ ನೋಡಿದ್ದೇ ಎದ್ದು ನಿಂತ. "ಇದು ಮೋಸ. ಕಡ್ಡಿ ಇರೋ ರಿಮೋಟಲ್ಲಿ ಎಡಕ್ಕೆ ತಳ್ಳಿದ್ರೆ ಎಡ, ಬಲಕ್ಕೆ ತಳ್ಳಿದ್ರೆ ಬಲ. ಇದರಲ್ಲಿ ಎರಡೂ ಒಟ್ಟಿಗೆ ಒತ್ತಬಹುದು!"

ಆಟ ನಿಂತಿತು. ಗೆಳೆಯ ಡಬ್ಬವನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಡಬ್ಬ ಬೇಡ ಅಂದುಬಿಟ್ಟರೆ ಅವನ ಪಾಲಿಗೆ ಆಟ ಅಲ್ಲಿಗೇ ಮುಗಿದ ಹಾಗೆ.

ತೀರ್ಪುಗಾರರು ಕೇಳಿದರು: "ಎಡ ಬಲ ಎರಡೂ ಒಟ್ಟಿಗೆ ಒತ್ತಿದ್ರೆ ಏನಾಗುತ್ತೆ?"

ಗೆಳೆಯ ಎದ್ದು ನಿಂತು ಹೇಳಿದ. "ಏನೂ ಆಗಂಗಿಲ್ರಿ ಸರ. ಈ ಕಡೆ ಅವ್ವ ಕರೀತಾಳ, ಆ ಕಡೆ ಹೇಣ್ತಿ ಕರೀತಾಳ. ನಾ ನಡುವ ಅಲ್ಲಾಡದ ನಿಂದರ್ತೀನಿ. ಇದೂ ಹಂಗ ರೀ."

ತೀರ್ಪುಗಾರರು ಕುರ್ಚಿ ತೋರಿಸಿದರು. "ನಂದೂ ಅದೇ ಕಥೆ. ಕೂತ್ಕೊಂಡು ಆಡಿ," ಅಂದರು.

ಆ ಹುಡುಗನನ್ನ ಅವನು ಸೋಲಿಸಿದ. ಮುಂದಿನವನ ಕೈಲಿ ಸೋತ. ವಾಪಸ್ ಬರುವಾಗ ಬಸ್ಸಿನಲ್ಲಿ ಡಬ್ಬವನ್ನ ಮಡಿಲಲ್ಲಿಟ್ಟುಕೊಂಡು ದಾಸರಹಳ್ಳಿ ತನಕ ಗೆದ್ದ ಆಟವನ್ನ ಮೂರು ಸಲ ಹೇಳಿದ. ಸೋತದ್ದನ್ನ ಹೇಳಲೇ ಇಲ್ಲ. ಈಗ ಅವನು ಬಾಗಲಕೋಟೆಯಲ್ಲಿ ಸ್ವಂತ ವರ್ಕ್‌ಶಾಪ್ ಇಟ್ಟಿದ್ದಾನೆ, ಫೋನ್ ಮಾಡಿದರೆ ಅದೇ ಆಟವನ್ನ ನಾಲ್ಕನೇ ಸಲ ಹೇಳುತ್ತಾನೆ.

ವೈರೇ ಇಲ್ಲದ ಪ್ಯಾನೆಲ್

ಪಂದ್ಯ ಆದಮೇಲೆ ಕಾಲೇಜು ಹುಡುಗರು ನಮಗೂ ಒಂದು ಅಂತ ಗಂಟುಬಿದ್ದರು. ಊಟದ ವಿರಾಮದಲ್ಲಿ ಫ್ಯಾಕ್ಟರಿಯ ಟೇಬಲ್ ಮೇಲೇ ಮಾಡುತ್ತಿದ್ದೆ. ಮರ ಸಿಗದೆ ಒಂದನ್ನ ತಗಡಿನಲ್ಲಿ ಮಾಡಿಸಿ, ನಮ್ಮ ಪ್ಯಾನೆಲ್‌ಗಳಿಗೆ ಹೊಡೆಯೋ ಬೂದು ಬಣ್ಣವನ್ನೇ ಹೊಡೆಸಿದೆ. ಒಂದು ಮಧ್ಯಾಹ್ನ ಕೈ ತೊಳೆದುಕೊಂಡು ಬರೋದರೊಳಗೆ ಅದು ಮಾಯ. ಎಲ್ಲಿ ಹುಡುಕಿದರೂ ಇಲ್ಲ.

ನಾಲ್ಕು ದಿನ ಬಿಟ್ಟು ಮಾಲೀಕರು ಒಳಗೆ ಕರೆದರು. ನೆಲಮಂಗಲದ ಆಚೆ ಪ್ಲಾಸ್ಟಿಕ್ ಕೊಡ ಮಾಡೋ ಫ್ಯಾಕ್ಟರಿಗೆ ಹೊಸ ಪ್ಯಾನೆಲ್ ಕಳಿಸಿದ್ದೆವು. ಅಲ್ಲಿಂದ ಫೋನ್ ಬಂದಿತ್ತಂತೆ.

"ಪ್ಯಾನೆಲ್ ಜೊತೆ ಹನ್ನೆರಡು ಬಟನ್ನಿನ ಚಿಕ್ಕ ಡಬ್ಬ ಬಂದಿದೆ ಅಂತಾರೆ. ಏನದು?"

ಪ್ಯಾಕಿಂಗ್‌ನವರು ನಮ್ಮದೇ ಮಾಲು ಅಂತ ಅದನ್ನೂ ಪೆಟ್ಟಿಗೆಗೆ ಹಾಕಿಬಿಟ್ಟಿದ್ದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಕೆಲಸ ಹೋಯಿತು ಅಂತಲೇ ಅಂದುಕೊಂಡೆ.

ಮಾಲೀಕರು ಎರಡು ಕೈಯಲ್ಲೂ ತಲೆ ಹಿಡಿದುಕೊಂಡರು. "ನಾಳೆನೇ ಹೋಗಿ ತಗೊಂಡು ಬಾ. ಗೇಮು ಗೀಮು ಅಂತ ಬಾಯಿಬಿಡಬೇಡ. ಇಪ್ಪತ್ತು ವರ್ಷದ ಹೆಸರು ಕಣಯ್ಯ."

ಹೋದೆ. ಅಲ್ಲಿ ದೊಡ್ಡ ಪ್ಯಾನೆಲ್ ಪಕ್ಕದ ಗೋಡೆಗೆ ನಾಲ್ಕು ಸ್ಕ್ರೂ ಹಾಕಿ ನನ್ನ ಡಬ್ಬವನ್ನ ಕೂರಿಸಿದ್ದರು. ವೈರನ್ನ ನೀಟಾಗಿ ಸುತ್ತಿ ಕಟ್ಟಿದ್ದರು. ಮೇಲೆ ಅರಿಶಿನ ಕುಂಕುಮ, ಒಂದು ಸೇವಂತಿಗೆ ಹೂವು. ನಾನು ಸ್ಕ್ರೂಡ್ರೈವರ್ ತೆಗೆದದ್ದೇ ತಡ, ಮೆಷಿನ್ ಆಪರೇಟರ್ ಓಡಿ ಬಂದು ಅಡ್ಡ ನಿಂತ. ಆ ಕಡೆಯ ಹಳ್ಳಿಯವನು, ನನ್ನಪ್ಪನ ವಯಸ್ಸು.

"ಏ, ಮುಟ್ಬ್ಯಾಡಿ ಸಾ!"

"ಯಾಕೆ ಯಜಮಾನ್ರೇ?"

"ದಿನಾ ಬೆಳಿಗ್ಗೆ ಇದನ್ನ ಒತ್ತುಬುಟ್ಟೇ ಮಿಸನ್ ಸುರು ಮಾಡೋದು. ಮೊದ್ಲು ದಿನಕ್ಕೆ ನಾಕ್ ಸಲ ನಿಂತೋಯ್ತಿತ್ತು. ಇದು ಬಂದ್ಮ್ಯಾಲೆ ಒಂದ್ ಸಲಾನೂ ನಿಂತಿಲ್ಲ."

ನಿಲ್ಲದೇ ಇರೋದು ಹೊಸ ದೊಡ್ಡ ಪ್ಯಾನೆಲ್ಲಿಂದ ಅಂತ ನನಗೆ ಗೊತ್ತು. ನಿಧಾನಕ್ಕೆ ತಿಳಿಹೇಳೋಣ ಅಂತ, "ನೋಡಿ ಯಜಮಾನ್ರೇ, ಇದರ ವೈರು ಎಲ್ಲಿಗೂ ಕೊಟ್ಟೇ ಇಲ್ವಲ್ಲ?" ಅಂದೆ.

ಅವನು ಡಬ್ಬಕ್ಕೆ ಕೈ ಮುಗಿದ. "ಅದೇ ಸಾ ನಾನೂ ಏಳಾದು. ವೈರೇ ಕೊಡ್ದೆ ಇಂಗ್ ಕೆಲ್ಸ ಮಾಡ್ತದಲ್ಲ!"

ಗಲಾಟೆ ಕೇಳಿ ಅಲ್ಲಿನ ಮ್ಯಾನೇಜರ್ ಬಂದರು. ಡಬ್ಬವನ್ನ ನೋಡಿದರು, ಓಡುತ್ತಿರೋ ಮೆಷಿನ್ ನೋಡಿದರು, ನನ್ನನ್ನ ಆಚೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದರು.

ಸಂಜೆ ಬರಿಗೈಯಲ್ಲಿ ಪೀಣ್ಯಕ್ಕೆ ವಾಪಸ್ ಬಂದೆ. ಮಾಲೀಕರು ಗೇಟಿನಲ್ಲೇ ಕಾಯುತ್ತಿದ್ದರು.

"ತಂದ್ಯೇನೋ?"

"ಇಲ್ಲ ಸರ್."

"ಯಾಕೆ? ಏನಂದ್ರು?"

"ಎರಡನೇ ಮೆಷಿನ್ನಿಗೂ ಒಂದು ಬೇಕಂತೆ ಸರ್. ಅರ್ಜೆಂಟು."