ಚೌಡರೆಡ್ಡಿಯವರ ಟಾರ್ಪಾಲ್ ವಿಜಯ

ಸ್ವಸ್ತಿ. ಕಲಿಯುಗದಲ್ಲಿ ಐದು ಸಾವಿರ ಚಿಲ್ಲರೆ ವರ್ಷಗಳು ಸಂದು, ಇನ್ನು ನಾಲ್ಕು ಲಕ್ಷ ಚಿಲ್ಲರೆ ವರ್ಷಗಳು ಉಳಿದು, ಮನುಷ್ಯರಿಗೆ ಯಾವ ಅವಸರವೂ ಇಲ್ಲದಿದ್ದರೂ ಎಲ್ಲರೂ ಅವಸರದಲ್ಲಿಯೇ ಇದ್ದ ಕಾಲದಲ್ಲಿ. ಹೇಮಂತ ಋತುವಿನ ಮಾರ್ಗಶಿರ ಮಾಸದಲ್ಲಿ. ಅಂತರಗಂಗೆ ಬೆಟ್ಟದ ಮೂಡಣಕ್ಕೆ, ಕೋಲಾರ ಪಟ್ಟಣದ ಹೊರಂಚಿನಲ್ಲಿ, ವಾರಕ್ಕೆ ಮೂರು ದಿನ ಮಾತ್ರ ಬಾಯಿ ಬಿಡುವ ಕೊಳವೆಬಾವಿಯ ದಕ್ಷಿಣ ತೀರದಲ್ಲಿ ನಡೆದ ಘೋರಸಂಗ್ರಾಮವನ್ನು ಹೇಳಹೊರಟಿದ್ದೇನೆ. ಎಲೈ ಗಾಳಿಯೇ, ಎಲೈ ಮಳೆಯೇ, ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ ಎತ್ತ ಹೋಗುವುದೆಂದು ತಿಳಿಯದೆ ಮೂರು ದಿನ ಸುತ್ತುವ ಚಂಡಮಾರುತವೇ, ಸ್ವಲ್ಪ ಹೊತ್ತು ನನ್ನ ನಾಲಗೆಯ ಮೇಲೆ ಕುಳಿತುಕೊಳ್ಳಿರಿ. ಹೆಚ್ಚು ಹೊತ್ತು ಬೇಡ, ಕಥೆ ಚಿಕ್ಕದು.

ಆ ತೀರದಲ್ಲಿ, ಬಡಾವಣೆಯವರು ಉದ್ಯಾನಕ್ಕೆಂದು ಬಿಟ್ಟು ಆಮೇಲೆ ಮರೆತ ನೆಲದಲ್ಲಿ, ಹದಿನಾಲ್ಕು ಪಾತಿಗಳ ಒಂದು ಭೂಮಂಡಲವಿತ್ತು. ಒಂದೊಂದು ಪಾತಿ ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದ. ಮನೆಗೊಂದರಂತೆ ಹದಿನಾಲ್ಕು ಮಂದಿ ಅದನ್ನು ಹಂಚಿಕೊಂಡಿದ್ದರು. ಹದಿನಾಲ್ಕರಲ್ಲಿ ಒಂಬತ್ತನೆಯದರ ಅಧಿಪತಿಯೇ ನಮ್ಮ ಕಥಾನಾಯಕರು: ಡೀಸೆಲ್‌ಧೂಮಧೂಸರಿತಶ್ಮಶ್ರುಗಳೂ, ಘಾಟಿಮಾರ್ಗಸಂಚಾರಧುರಂಧರರೂ, ಮೂವತ್ತೊಂದು ವರ್ಷ ಕೋಲಾರದ ಟೊಮ್ಯಾಟೊವನ್ನು ಮದ್ರಾಸಿಗೆ ಮುಟ್ಟಿಸಿ ಒಂದು ಡಬ್ಬಿಯನ್ನೂ ನೆನೆಯಗೊಡದವರೂ ಆದ ಲಾರಿ ಚೌಡರೆಡ್ಡಿಯವರು. ತರಕಾರಿಯನ್ನು ಹೊತ್ತವರೇ ಹೊರತು ಬೆಳೆದವರಲ್ಲ. ಇದು ಅವರ ಮೊದಲ ಬೇಸಾಯ, ಮೊದಲ ಅವರೆ.

ಆ ಅವರೆಯ ಹಿಂದೆ ಒಂದು ಪ್ರತಿಜ್ಞೆ ಇತ್ತು. ಹಿಂದಿನ ವರ್ಷ ಗೌರಿಬಿದನೂರಿನಿಂದ ಬಂದ ಬೀಗಿತಿ ನಾಗವೇಣಮ್ಮನವರು, ಅಂದರೆ ರೆಡ್ಡಿಯವರ ಅಳಿಯನ ತಾಯಿ, ಮಾರುಕಟ್ಟೆಯಿಂದ ತಂದ ಅವರೆಕಾಳಿನ ಸಾರನ್ನು ಒಂದು ತುತ್ತು ಮುದ್ದೆಗೆ ಹಚ್ಚಿ ನುಂಗಿ, ಬಟ್ಟಲನ್ನು ಎರಡು ಬೆರಳಿನಷ್ಟು ದೂರ ಸರಿಸಿದ್ದರು. ಎರಡು ಬೆರಳು ಮಾತ್ರ. ಆ ಎರಡು ಬೆರಳಿನ ಅಂತರ ರೆಡ್ಡಿಯವರ ಎದೆಯಲ್ಲಿ ಕೋಲಾರದಿಂದ ಗೌರಿಬಿದನೂರಿನಷ್ಟು ಬೆಳೆದು, ಬರುವ ವರ್ಷ ಸ್ವಂತ ನೆಲದ ಅವರೆ ಉಣ್ಣಿಸುತ್ತೇನೆ, ಸೊಗಡು ಬೀದಿಯ ಕೊನೆಗೆ ಬಡಿಯದಿದ್ದರೆ ಕೇಳಿ ಎಂದು ಅವರು ಹತ್ತು ಮಂದಿಯ ಮುಂದೆ ಹೇಳಿಬಿಟ್ಟಿದ್ದರು. ಬೀಗರು ಬರುವುದು ಮಾರ್ಗಶಿರ ಕಳೆಯುವ ಮುನ್ನಿನ ಭಾನುವಾರ. ಸೊಗಡು ಬಂದರೆ ಮಾನ. ಇಲ್ಲದಿದ್ದರೆ ಮಗಳ ಅತ್ತೆಯ ಎರಡು ಬೆರಳು.

ಎಂಟನೆಯ ಪಾತಿಯ ಒಡತಿ, ರೆಡ್ಡಿಯವರ ಗಡಿಗೆ ಗಡಿ ಹಚ್ಚಿಕೊಂಡ ಸಾಮ್ರಾಜ್ಞಿ, ಸಹಸ್ರಬಾಲಪಂಕ್ತಿನಿಯಾಮಕಿ, ಒಂದೇ ಶಿಳ್ಳೆಯಿಂದ ಇಡೀ ಹೈಸ್ಕೂಲನ್ನು ಬಿಸಿಲಿನಲ್ಲಿ ಅಲುಗಾಡದಂತೆ ನಿಲ್ಲಿಸುತ್ತಿದ್ದ ವ್ಯಾಯಾಮ ಶಿಕ್ಷಕಿ ವನಜಾಕ್ಷಿಯವರು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಬಡಾವಣೆಯ ನಾಯಿಗಳು ಅವರನ್ನು ಕಂಡರೆ ಸಾಲಾಗಿ ನಡೆಯುತ್ತಿದ್ದವು. ಅವರ ಪಾತಿಯಲ್ಲಿಯೂ ಅವರೆಯೇ.

ಹೀಗೆಂದು ಇವರಿಬ್ಬರೂ ಹಗೆಗಳೆಂದು ತಿಳಿಯಬಾರದು. ಪ್ರತಿ ಭಾನುವಾರ ನೀರು ಬಿಟ್ಟಾದ ಮೇಲೆ ಪಾತಿಯವರೆಲ್ಲ ಪಂಪ್‌ಹೌಸಿನ ತಗಡಿನ ಕೆಳಗೆ ಕುಳಿತು, ತಮತಮಗೆ ಬಲ್ಲ ಹವ್ಯಾಸವನ್ನು ಒಬ್ಬರಿಗೊಬ್ಬರು ಕಲಿಸುವ ಪದ್ಧತಿ ಇಟ್ಟುಕೊಂಡಿದ್ದರು. ಅಂಚೆಯಿಂದ ನಿವೃತ್ತರಾದ ದಸ್ತಗೀರ್ ಸಾಬರು ಮೌತ್ ಆರ್ಗನ್ ಕಲಿಸುತ್ತಿದ್ದರು. ಅದನ್ನು ಹಲವರು ಊದಿದರು, ಯಾರೂ ಕಲಿಯಲಿಲ್ಲ. ವನಜಾಕ್ಷಿಯವರು ಕೊಕ್ಕೆಕಡ್ಡಿಯಿಂದ ನೂಲು ಹೆಣೆಯುವ ಕ್ರೋಶಾ ಕಲಿಸುತ್ತಿದ್ದರು. ಲಾರಿಯ ಗೇರ್ ಹಿಡಿದು ಗಟ್ಟಿಯಾದ ಅಂಗೈಯಲ್ಲಿ ಕ್ರೋಶಾ ಕಡ್ಡಿ ಹಿಡಿದು ರೆಡ್ಡಿಯವರು ಎರಡು ತಿಂಗಳಲ್ಲಿ ಲೋಟದ ಕೆಳಗೆ ಇಡುವ ಒಂದು ಗುಲಾಬಿ ಚಕ್ರವನ್ನು ಮುಗಿಸಿ, ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಬದಲಿಗೆ ಅವರು ಕಲಿಸಿದ್ದು ಹಗ್ಗದ ಗಂಟು. ಲಾರಿಯ ಮೇಲೆ ಟಾರ್ಪಾಲ್ ಬಿಗಿಯುವ ಗಂಟು, ಒಂದೇ ಎಳೆತಕ್ಕೆ ಬಿಚ್ಚುವ ಗಂಟು, ಜಗ್ಗಿದಷ್ಟೂ ಬಿಗಿಯಾಗುವ ಗಂಟು. ವನಜಾಕ್ಷಿಯವರು ಮೂರನ್ನೂ ಒಂದೇ ಬೆಳಗಿನಲ್ಲಿ ಕಲಿತುಬಿಟ್ಟರು. ಗುರು ಮೆಚ್ಚಿದ. ಶಿಷ್ಯರನ್ನು ಮೆಚ್ಚುವ ಮುಂಚೆ ಅವರ ಪಾತಿ ಎಲ್ಲಿದೆ ಎಂದು ನೋಡಿಕೊಳ್ಳಬೇಕಾಗಿತ್ತು.

ಹೀಗಿರಲು ಒಂದು ಮಂಗಳವಾರ, ಯಾವುದೋ ದೇಶದವರು ಇಟ್ಟ, ನಮ್ಮವರ ನಾಲಗೆ ಹೊರಳದ ಹೆಸರಿನ ಚಂಡಮಾರುತವೊಂದು ಗುರುವಾರ ದಡಕ್ಕೆ ಅಪ್ಪಳಿಸಿ ಕೋಲಾರವನ್ನು ತೊಳೆದುಹಾಕುವುದೆಂಬ ವಾರ್ತೆಯನ್ನು ದಸ್ತಗೀರ್ ಸಾಬರು ಮೊಬೈಲಿನಲ್ಲಿ ಕಂಡು ಸಾರಿದರು. ಹದಿನಾಲ್ಕು ಪಾತಿಗಳಲ್ಲಿಯೂ ಕಳವಳ ಎದ್ದಿತು. ಅವರೆಯಲ್ಲಿ ಕೆಳಗಿನ ಕಾಯಿ ತುಂಬತೊಡಗಿ, ಮೇಲೆ ಇನ್ನೂ ಹೂವಿತ್ತು. ಪಾತಿಯವರ ಸಂಘಕ್ಕೆಂದು ಇದ್ದದ್ದು ಒಂದೇ ಟಾರ್ಪಾಲ್, ನೀಲಿಯದು, ಸಸಿಮಡಿಗಳಿಗೆ ಹೊದಿಸಲು ಕೊಂಡದ್ದು. ಯಾರಿಗೆ ಬೇಕೋ ಅವರು ತೆಗೆದುಕೊಳ್ಳುವುದು, ಕೆಲಸ ಮುಗಿದ ಮೇಲೆ ತಂದಿಡುವುದು. ಇದಕ್ಕಿಂತ ಹೆಚ್ಚಿನ ಕಾನೂನು ಅಲ್ಲಿ ಇರಲಿಲ್ಲ. ಒಂದೇ ವಸ್ತುವಿನ ಮೇಲೆ ಇಷ್ಟು ಸಡಿಲವಾದ ಕಾನೂನು ಇದ್ದಲ್ಲೆಲ್ಲ ಹಿಂದೆಯೂ ಯುದ್ಧ ನಡೆದಿದೆ.

ಮಂಗಳವಾರ ಮಧ್ಯಾಹ್ನವೇ ರೆಡ್ಡಿಯವರು ನಾಲ್ಕು ಬಿದಿರು ನೆಟ್ಟು, ಲಾರಿಗೆ ಹೊದಿಸುವಂತೆ ತಮ್ಮ ಪಾತಿಗೆ ಟಾರ್ಪಾಲ್ ಹೊದಿಸಿ, ಅಂಚುಗಳನ್ನು ಇಳಿಬಿಟ್ಟು, ಎಂಟು ಗಂಟು ಬಿಗಿದು ಊಟಕ್ಕೆ ಹೋದರು. ಉಂಡು ಬರುವಷ್ಟರಲ್ಲಿ ಅದೇ ಟಾರ್ಪಾಲ್ ಎಂಟನೆಯ ಪಾತಿಯ ಮೇಲೆ ಅದೇ ಎಂಟು ಗಂಟುಗಳಿಂದ ಶೋಭಿಸುತ್ತಿತ್ತು. ಗಂಟುಗಳಲ್ಲಿ ಒಂದೂ ತಪ್ಪಿರಲಿಲ್ಲ. ಗುರುವಿಗೆ ಅದೇ ಹೆಚ್ಚು ಉರಿಯಿತು. ಬುಧವಾರ ಬೆಳಗ್ಗೆ ರೆಡ್ಡಿಯವರು ಬಿಚ್ಚಿ ತಂದು ಕಟ್ಟಿದರು. ಹತ್ತು ಗಂಟೆಗೆ ವನಜಾಕ್ಷಿಯವರು ಬಿಚ್ಚಿ ಒಯ್ದು ಕಟ್ಟಿದರು. ಮೂರನೆಯ ಸಲ ಇಬ್ಬರೂ ಒಂದೇ ಹೊತ್ತಿಗೆ ಬಂದು, ಟಾರ್ಪಾಲಿನ ಎರಡು ತುದಿ ಹಿಡಿದು ನಿಂತರು.

ಆಗ ಆ ಮಹಾರಥಿಯು ಮೇಘಗಂಭೀರಧ್ವನಿಯಿಂದ ನುಡಿದದ್ದೇನೆಂದರೆ: “ಎಲೌ ಶಿಳ್ಳೆಯನ್ನೇ ಶಂಖವಾಗಿ ಉಳ್ಳವಳೇ, ಕೇಳು. ಮಳೆಯನ್ನು ಮೂವತ್ತೊಂದು ವರ್ಷ ಬೆನ್ನಿಗಟ್ಟಿಕೊಂಡು ಗೆದ್ದ ಈ ಬಾಹುಗಳಿಂದ ನೀಲಾಂಬರವನ್ನು ಕಿತ್ತುಕೊಳ್ಳುವೆಯಾ? ನದಿಗಳು ಬೆಟ್ಟಕ್ಕೆ ಹರಿದರೂ ನನ್ನ ಹೊರೆ ನೆನೆಯದು.” ಇದು ತಾತ್ಪರ್ಯ. ಬಾಯಿಂದ ಬಂದದ್ದು ಇಷ್ಟು:

“ಟೀಚರಮ್ಮ, ಬಿಡಿ. ಒಂದ್ ಡಬ್ಬಿ ಟೊಮ್ಯಾಟೊ ನೆನೆಯಕ್ಕೆ ಬಿಟ್ಟವನಲ್ಲ ನಾನು. ಲೋಡು ಅಂದ್ರೆ ಲೋಡೇ.”

“ಅವರೆ ಏನು ಮದ್ರಾಸಿಗೆ ಹೊರಟಿದೆಯಾ ರೆಡ್ಡಿಯವರೇ?” ಎಂದರು ವನಜಾಕ್ಷಿಯವರು.

ದಸ್ತಗೀರ್ ಸಾಬರು ನಡುವೆ ಬಂದು, ಅರ್ಧ ಅರ್ಧ ಹೊದಿಸಿಕೊಳ್ಳಿ ಎಂದು ಸಂಧಾನ ಹೇಳಿದರು. ಅರ್ಧ ಹೊದಿಸಿದರೆ ಇಬ್ಬರದೂ ನೆನೆಯುತ್ತದೆ ಎಂದು ಇಬ್ಬರೂ ಒಂದೇ ಬಾಯಿಯಲ್ಲಿ ಅವರನ್ನು ಬೈದರು. ಆ ಎರಡು ದಿನದಲ್ಲಿ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ಅಷ್ಟರಲ್ಲಿ ವನಜಾಕ್ಷಿಯವರ ಮನೆಯಿಂದ ಗ್ಯಾಸಿನವನು ಬಂದಿದ್ದಾನೆಂದು ಫೋನು ಬಂತು. ಸಿಲಿಂಡರಿಗಾಗಿ ಸಾಮ್ರಾಜ್ಯಗಳನ್ನೇ ಬಿಟ್ಟು ಓಡಿದವರಿದ್ದಾರೆ. ಅವರೂ ತುದಿ ಬಿಟ್ಟು ಹೋದರು.

ಒಂಟಿಯಾಗಿ ಉಳಿದ ವೀರನು ಒಂದು ಕ್ಷಣ ಕಣ್ಣು ಮುಚ್ಚಿದನು. ಅವನು ಯಾರಿಗೂ ಕಲಿಸದೆ ಉಳಿಸಿಕೊಂಡಿದ್ದ ಗಂಟೊಂದಿತ್ತು. ಘಾಟಿ ಇಳಿಯುವಾಗ, ಮಳೆಯೂ ಗಾಳಿಯೂ ಒಟ್ಟಿಗೆ ಬಂದಾಗ ಮಾತ್ರ ಹಾಕುವಂಥದು. ಬೇರೆಯವರಿಂದ ಬಿಚ್ಚಲಾಗದು; ನೆನೆದ ಹಗ್ಗವಾದರೆ ಹಾಕಿದವನಿಂದಲೂ ಕಷ್ಟ. ಕಲಿಸುವವರು ಒಂದನ್ನು ಇಟ್ಟುಕೊಂಡೇ ಕಲಿಸುತ್ತಾರೆಂಬುದನ್ನು ನಾನು ಹಲವು ಕಸುಬುಗಳಲ್ಲಿ ಕಂಡಿದ್ದೇನೆ. ಅದರಿಂದ ಉದ್ಧಾರವಾದವರನ್ನು ಮಾತ್ರ ಕಂಡಿಲ್ಲ. ಮೂರು ಅಂಚಿಗೆ ಆ ಗಂಟು ಹಾಕಿ, ನಾಲ್ಕನೆಯ ಅಂಚನ್ನು ಬಿಸಿಲಿಗೆಂದು ಎತ್ತಿಳಿಸುವಂತೆ ಸಡಿಲವಾಗಿ ಬಿಟ್ಟರು. ಸಂಜೆ ವನಜಾಕ್ಷಿಯವರು ಬಂದು ಇಪ್ಪತ್ತು ನಿಮಿಷ ಗಂಟುಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಉಗುರು ಮುರಿದುಕೊಂಡು ಎದ್ದು ಹೋದರು. ಒಂಬತ್ತನೆಯ ಪಾತಿಯಲ್ಲಿ ವಿಜಯದುಂದುಭಿ ಮೊಳಗಿತು. ಅಂದರೆ ರೆಡ್ಡಿಯವರು ಒಂದು ಬೀಡಿ ಹಚ್ಚಿದರು.

ಗುರುವಾರ ಬಂತು. ಆಕಾಶ ಕಪ್ಪಾಯಿತು, ದಿಕ್ಕುಗಳು ನಡುಗಿದವು, ಪಾತಿಯವರೆಲ್ಲ ಪಂಪ್‌ಹೌಸಿನಲ್ಲಿ ಉಸಿರು ಬಿಗಿಹಿಡಿದು ಕುಳಿತರು. ಪ್ರಳಯವು ಬೆಳಗಿನ ಹನ್ನೊಂದಕ್ಕೆ ಆರಂಭವಾಗಿ ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಮೂರು ಗಂಟೆಯ ಜಡಿಮಳೆ, ಒಂದಿಷ್ಟು ಗಾಳಿ. ಒಂದು ಪ್ಲಾಸ್ಟಿಕ್ ಬಕೆಟ್ ಉರುಳಿ ಐದನೆಯ ಪಾತಿಯಿಂದ ಎರಡನೆಯದಕ್ಕೆ ಹೋಯಿತು. ವನಜಾಕ್ಷಿಯವರ ಅವರೆಯಲ್ಲಿ ಹಿಡಿಯಷ್ಟು ಹೂವು ಉದುರಿತು. ಚಂಡಮಾರುತ ಮನಸ್ಸು ಬದಲಿಸಿ ಆಂಧ್ರದ ಕಡೆಗೆ ತಿರುಗಿತು ಎಂದು ದಸ್ತಗೀರ್ ಸಾಬರು, ಏನೋ ತಾವೇ ತಪ್ಪು ಮಾಡಿದವರಂತೆ, ಮೆತ್ತಗೆ ತಿಳಿಸಿದರು.

ಮರುದಿನದಿಂದ ಮೋಡವೆಲ್ಲ ಕಳೆದು ಆಕಾಶ ತೊಳೆದಿಟ್ಟ ತಟ್ಟೆಯಂತಾಯಿತು. ಚಳಿ ಇಳಿಯಿತು. ಬೆಳಗಾದರೆ ಹದಿಮೂರು ಪಾತಿಗಳು ಇಬ್ಬನಿಯಲ್ಲಿ ಮಿಂದು, ಎಲೆಯೆಲೆಯಿಂದ ಹನಿ ತೊಟ್ಟಿಕ್ಕಿಸಿಕೊಂಡು ನಿಂತಿರುತ್ತಿದ್ದವು. ಉಳಿದ ಒಂದು, ಅಂದರೆ ನಮ್ಮ ವೀರನ ಒಂಬತ್ತನೆಯದು, ನೀಲಿ ಸೂರಿನಡಿಯಲ್ಲಿ ಬೆಚ್ಚಗೆ ಒಣಗಿಕೊಂಡಿರುತ್ತಿತ್ತು. ರೆಡ್ಡಿಯವರು ದಿನವೂ ಬೆಳಗ್ಗೆ ಎಂಟಕ್ಕೆ ಬಂದು ಒಂದು ಅಂಚು ಎತ್ತಿ ಬಿಸಿಲು ಬಿಟ್ಟು, ಸಂಜೆ ಐದಕ್ಕೆ ಇಳಿಸಿ, ಒಂದು ಹನಿಯೂ ಒಳಗೆ ಬಾರದಂತೆ ನೋಡಿಕೊಂಡು ಹೋಗುತ್ತಿದ್ದರು.

ಮಳೆ ಹೋಗಿ ನಾಲ್ಕು ದಿನವಾದ ಮೇಲೆ ದಸ್ತಗೀರ್ ಸಾಬರು ತಡೆಯಲಾರದೆ ಬಾಯಿ ಬಿಟ್ಟರು.

“ರೆಡ್ಡಿಯಣ್ಣ, ಅವರೆಗೆ ಇಬ್ಬನಿ ಬೀಳಬೇಕು. ಸೊಗಡು ಅಲ್ಲಿಂದಾನೇ ಬರಾದು. ತೆಗೆದುಬಿಡು.”

ರೆಡ್ಡಿಯವರು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಈ ಮಾತಿನ ಹಿಂದೆ ಎಂಟನೆಯ ಪಾತಿ ಇದೆ ಎಂದು ಅವರಿಗೆ ಖಾತ್ರಿಯಾಯಿತು. ತೆಗೆದ ಕೂಡಲೇ ಟಾರ್ಪಾಲ್ ಅಲ್ಲಿಗೆ ಹೋಗುತ್ತದೆ. ಆಮೇಲೆ ಇನ್ನೊಂದು ಚಂಡಮಾರುತ ಬಂದರೆ ಯಾರನ್ನು ಕೇಳುವುದು? ನಿಜ ಹೇಳಬೇಕೆಂದರೆ ಅವರಿಗೆ ಆಗ ಚಂಡಮಾರುತದ ಹೆದರಿಕೆಯೂ ಇರಲಿಲ್ಲ. ಗೆದ್ದದ್ದನ್ನು ಕಾಯುವುದು ಅಭ್ಯಾಸವಾಗಿಬಿಟ್ಟಿತ್ತು. ವನಜಾಕ್ಷಿಯವರಿಗೆ ಟಾರ್ಪಾಲ್ ಬೇಕಾಗಿಯೇ ಇರಲಿಲ್ಲ. ಅವರು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ತಿರುಗಿ ನೋಡದಿರುವುದೇ ಒಂದು ತಂತ್ರವೆಂದು ರೆಡ್ಡಿಯವರು ಇನ್ನೂ ಐದು ದಿನ ಕಾದರು.

ಭಾನುವಾರ ಬೀಗರು ಬರುತ್ತಾರೆಂದು ಶನಿವಾರ ಬೆಳಗ್ಗೆ ರೆಡ್ಡಿಯವರು ಕಾಯಿ ಕುಯ್ದರು. ನೋಡಲು ಕಾಯಿ ಚೆನ್ನಾಗಿತ್ತು: ತುಂಬಿತ್ತು, ಕಲೆಯಿಲ್ಲ, ಹುಳುವಿಲ್ಲ. ಚೀಲವನ್ನು ಹೆಗಲಿಗೇರಿಸಿ, ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಮನೆಗೆ ನಡೆದು, ಹೆಂಡತಿ ಸಾಕಮ್ಮನವರ ಮುಂದೆ ಸುರಿದರು. ಸಾಕಮ್ಮನವರು ಮೊರ ಮುಂದಿಟ್ಟುಕೊಂಡು ಸುಲಿಯತೊಡಗಿದರು. ಅರ್ಧ ಸೇರು ಸುಲಿದಾದ ಮೇಲೆ ಕೈ ನಿಂತಿತು. ಬೆರಳನ್ನು ಮೂಗಿಗೆ ಹಿಡಿದರು. ಇನ್ನೊಂದು ಕೈಯ ಬೆರಳನ್ನೂ ಹಿಡಿದರು. ಸೊಗಡಿನ ಅವರೆ ಸುಲಿದರೆ ಕೈಗೆ ಜಿಡ್ಡು ಹತ್ತಬೇಕು, ಸೋಪು ಹಚ್ಚಿದರೂ ಎರಡು ದಿನ ಬಿಡಬಾರದು. ಅವರು ಎದ್ದು ಬಂದು ಅಂಗೈಯನ್ನು ಗಂಡನ ಮೂಗಿನ ಕೆಳಗೆ ಹಿಡಿದರು.

“ಏನ್ರೀ, ಬಟಾಣಿ ಸುಲಿದಂಗೈತೆ.”

ರೆಡ್ಡಿಯವರು ಮೂಸಿದರು. ಮತ್ತೆ ಮೂಸಿದರು. ಅರಿಸಿನದ ವಾಸನೆ ಬಂತು, ಬಳೆಯ ವಾಸನೆ ಬಂತು. ಅವರೆಯದು ಬರಲಿಲ್ಲ. ಮೂವತ್ತೊಂದು ವರ್ಷ ಕಾಪಾಡಿದಂತೆಯೇ ಕಾಪಾಡಿದ್ದರು, ಒಂದು ಹನಿ ಬೀಳಗೊಟ್ಟಿರಲಿಲ್ಲ. ಎಲ್ಲಿ ತಪ್ಪಿತು ಎಂದು ಅವರಿಗೆ ಆಗ ಒಮ್ಮೆಲೇ ತಿಳಿಯಿತು, ಮತ್ತು ತಿಳಿದದ್ದು ಬಹಳ ಭಾರವಾಗಿತ್ತು.

ಮುಂದಿನ ಅಧ್ಯಾಯದಲ್ಲಿ ಅಶ್ವ, ಗಜ, ಪದಾತಿಗಳಿಲ್ಲದೆ, ಕೈಯಲ್ಲಿ ಒಂದು ಬರಿಯ ಚೀಲ ಹಿಡಿದು, ಜಿತನಾದ ವಿಜೇತನು ಎಂಟನೆಯ ಪಾತಿಯ ಗಡಿಯಲ್ಲಿ ನಿಂತನು. ವನಜಾಕ್ಷಿಯವರು ಬದುವಿನ ಮೇಲೆ ಕುಳಿತು ಕ್ರೋಶಾ ಹಾಕುತ್ತಿದ್ದರು. ಅವರ ಹಿಂದೆ ಅವರೆ ನಾಲ್ಕು ಹೆಜ್ಜೆಯ ಆಚೆಯಿಂದಲೇ ಘಮ್ಮೆನ್ನುತ್ತಿತ್ತು.

“ಟೀಚರಮ್ಮ, ಎರಡು ಕೆಜಿ ಕಾಯಿ ಬೇಕಾಗಿತ್ತು,” ಎಂದರು ರೆಡ್ಡಿಯವರು. “ನಾಳೆ ಬೀಗರು ಬರ್ತಾವ್ರೆ.”

ವನಜಾಕ್ಷಿಯವರು ನೀಲಿ ಟಾರ್ಪಾಲನ್ನು ನೋಡಿದರು, ಆಮೇಲೆ ಅವರ ಮುಖ ನೋಡಿದರು. ಈ ಗಳಿಗೆಗೆಂದು ಹತ್ತು ದಿನದಿಂದ ಮಸೆದಿಟ್ಟ ಮಾತುಗಳು ಅವರಲ್ಲಿ ಇದ್ದವೆಂದು ನಾನು ಬಲ್ಲೆ. ಮುಖ ನೋಡಿದ ಮೇಲೆ ಅವು ಉಪಯೋಗಕ್ಕೆ ಬರಲಿಲ್ಲ.

“ಕುಯ್ಕೊಳ್ಳಿ. ಮೇಲಿನ ಹೂವು ಉದುರಿಸಬೇಡಿ,” ಎಂದರು. ರೆಡ್ಡಿಯವರು ಬಗ್ಗಿದ ಮೇಲೆ, ಕ್ರೋಶಾದಿಂದ ತಲೆಯೆತ್ತದೆ, “ಆ ಗಂಟು ಮಾತ್ರ ನಂಗೆ ಹೇಳಿಕೊಡಬೇಕು.”

ಅವರೆಗಿಂತ ಇದಕ್ಕೆ ರೆಡ್ಡಿಯವರು ಹೆಚ್ಚು ಹೊತ್ತು ಯೋಚಿಸಿದರು. ಕೊನೆಗೆ ಅಲ್ಲಿಯೇ ಕುಳಿತು, ಹಗ್ಗದ ತುಂಡೊಂದನ್ನು ಹಿಡಿದು, ಮೂರು ಸಲ ನಿಧಾನವಾಗಿ ಹಾಕಿ ತೋರಿಸಿದರು. ತಮ್ಮ ಪಾತಿಯ ಗಂಟುಗಳನ್ನು ಬಿಚ್ಚಲು ಹೋದರೆ ಮಳೆಗೆ ಉಬ್ಬಿದ ಹಗ್ಗ ಜಪ್ಪಯ್ಯ ಎನ್ನಲಿಲ್ಲ. ಕುಡುಗೋಲಿನಿಂದ ಕೊಯ್ಯಬೇಕಾಯಿತು.

ಭಾನುವಾರ ಬಂದೇಬಿಟ್ಟಿತು. ಅವರ ಕಾಯಿ ತಂದು ಅವರನ್ನು ಕರೆಯದಿರುವುದು ಹೇಗೆಂದು ಸಾಕಮ್ಮನವರು ವನಜಾಕ್ಷಿಯವರನ್ನೂ ಊಟಕ್ಕೆ ಕರೆದಿದ್ದರು. ರೆಡ್ಡಿಯವರಿಗೆ ಇದು ಎಲೆ ಹಾಕುವ ಹೊತ್ತಿಗೆ ತಿಳಿಯಿತು. ಬೆಳಗಿನಿಂದ ಅವರೊಳಗೆ ಎರಡು ಮಾತುಗಳು ಕಾದಾಡುತ್ತಿದ್ದವು. ‘ನಮ್ಮ ತೋಟದ್ದು’ ಎಂದರೆ ಪೂರ್ತಿ ಸುಳ್ಳಲ್ಲ, ತೋಟ ಎಲ್ಲರದು. ‘ಟೀಚರಮ್ಮನದು’ ಎಂದರೆ ಪೂರ್ತಿ ನಿಜ. ಈಗ ಬೀಗಿತಿಯ ಎದುರು ಸಾಲಿನಲ್ಲಿ ವನಜಾಕ್ಷಿಯವರು ಕುಳಿತು, ಏನೂ ತಿಳಿಯದವರಂತೆ ನೀರು ಕುಡಿಯುತ್ತಿದ್ದರು.

ಮುದ್ದೆ ಬಂತು. ಸಾರು ಬಂತು. ಸೊಗಡು ನಡುಮನೆ ತುಂಬಿ, ಕಿಟಕಿ ದಾಟಿ, ಬೀದಿಗಿಳಿಯಿತು. ಎದುರು ಮನೆಯವರು ಬಾಗಿಲಿಗೆ ಬಂದು ಇಣುಕಿದರು. ನಾಗವೇಣಮ್ಮನವರು ಮುದ್ದೆ ಮುರಿದು, ಸಾರಿಗೆ ಹಚ್ಚಿ, ಬಾಯಿಗಿಟ್ಟು, ನುಂಗಿದರು. ಅಳಿಯ, ಮಗಳು, ಸಾಕಮ್ಮ, ಎಲ್ಲರ ಕೈ ನಿಂತಿತು. ರೆಡ್ಡಿಯವರು ಬಾಯಿ ತೆರೆದರು. ಯಾವ ಮಾತು ಬರುವುದೋ ಅವರಿಗೇ ತಿಳಿದಿರಲಿಲ್ಲ.

ನಾಗವೇಣಮ್ಮನವರು ಸೆರಗಿನಿಂದ ಮೂಗು ಒರೆಸಿಕೊಂಡರು.

“ಸೈಕ್ಲೋನ್ ಬಂತಲ್ಲ ಬೀಗರೇ, ಆವತ್ತಿಂದ ನೆಗಡಿ. ಮೂಗೇ ಕಟ್ಟೋಗೈತೆ, ಏನ್ ತಿಂದ್ರೂ ಒಂದೇ ನಂಗೆ. ಒಂಚೂರು ಮೆಣಸಿನ ಸಾರಿದ್ರೆ ಹಾಕಿ.”

ಸಾಕಮ್ಮನವರು ಮೆಣಸು ಕುಟ್ಟಲು ಎದ್ದರು.