ಯಲಗೂರಪ್ಪನ ಹಸಿರು ನೀರು

ಕೆಟ್ಟದ್ದೆಲ್ಲ ಒಂದು ಚಮಚ ಗೊಬ್ಬರದಿಂದ.

ವಿಜಯಪುರದ ಯಲಗೂರಪ್ಪ ದ್ರಾಕ್ಷಿ ತೋಟಗಳಿಗೆ ಗೊಬ್ಬರ ಮಾರುವವನು. ಗೊಬ್ಬರಕ್ಕಿಂತ ಬಾಯಿಯೇ ಜೋರು. ಮನೆಗೆ ಹೊಸದಾಗಿ ಗಾಜಿನ ಮೀನಿನ ತೊಟ್ಟಿ ತಂದಿದ್ದ. "ನೀರು ಹದಕ್ಕ ಬರೂತನಕಾ ಮೀನ ಬಿಡಬ್ಯಾಡ್ರಿ. ಬರೇ ಗಿಡಾ ಇರಲಿ. ಗೊಬ್ಬರ ಹಾಕಿದ್ರ ಒಂದೇ ಹನಿ," ಎಂದು ತೊಟ್ಟಿ ಮಾರಿದ ಅಂಗಡಿಯ ರಸೂಲಸಾಬ ಹೇಳಿ ಕಳಿಸಿದ್ದ. ಗಿಡಗಳ ಎಲೆ ಹಳದಿಗೆ ತಿರುಗಿದವು. ಪಕ್ಕದ ಮನೆಯ ಪರಸವ್ವ ಬಿಡುತ್ತಾಳೆಯೇ?

"ಊರಮಂದಿ ತ್ವಾಟಕ್ಕೆಲ್ಲಾ ಗೊಬ್ಬರ ಕೊಡ್ತಿ, ನಿನ್ನ ಮನ್ಯಾನ ಗಿಡಕ್ಕ ಅರಿಷಿಣ ಕಾಮಣಿ ಆಗೇತಲ್ಲೋ ತಮ್ಮಾ!"

ಮಾತು ಚುಚ್ಚಿತು. ಬಳ್ಳಿಗೆ ಕೊಡುವ ಗೊಬ್ಬರವನ್ನೇ ಒಂದು ಚಮಚ ಸುರಿದುಬಿಟ್ಟ. ರವಿವಾರ ಮುಂಜಾನೆ ಎದ್ದು ನೋಡುತ್ತಾನೆ, ನೀರು ಮೆಂತ್ಯಸೊಪ್ಪು ರುಬ್ಬಿ ಕದಡಿದಂತಾಗಿದೆ!

ಅಂದೇ ತಿಕೋಟಾದ ಬಸಗೊಂಡಪ್ಪ ಸಾಹುಕಾರರು ಊಟಕ್ಕೆ ಬರುವವರು. ಅವರ ದೊಡ್ಡ ತೋಟಕ್ಕೆ ಈ ಸಲ ಯಲಗೂರಪ್ಪನ ಗೊಬ್ಬರ ಬೇಕೋ ಬೇಡವೋ ಎಂದು ಅಂದೇ ಹೇಳುವವರು. ಒಂದು ತೊಟ್ಟಿ ನೀರು ಕಾಯಲಾರದವನನ್ನು ಯಾರು ನಂಬುತ್ತಾರೆ? ಗಡಬಡಿಸಿ ತೊಟ್ಟಿಗೆ ಚಾದರ ಹೊದಿಸಿದ. ಪರಸವ್ವ ಬಂದವಳೇ ಅದನ್ನು ಎಳೆದಳು.

"ಯವ್ವಾ! ಹಾಳ ಬಾವಿ ನೀರ ತಂದ ತುಂಬೀಯೇನೋ?"

"ಅಕ್ಕಾ, ನಿನ್ನ ಕಾಲ ಬೀಳ್ತೀನಿ. ಗೊಬ್ಬರ ಹಾಕಿದ್ದು ಯಾರ ಮುಂದೂ ಹೇಳಬ್ಯಾಡ. ಮಾನ ಹೋಗ್ತೈತಿ."

"ಹುಚ್ಚಪ್ಪಾ, ನಾ ಹೇಳ್ತೀನೇನ? ಆಣಿ ಮಾಡ್ತೀನಿ. ಹಿಡಿ ಬಕೇಟ!"

ಇಬ್ಬರೂ ಕೂಡಿ ನೀರನ್ನೆಲ್ಲ ಬಚ್ಚಲಿಗೆ ಸುರಿದರು. ಗಾಜು ತಿಕ್ಕಿ ನಳದ ನೀರು ತುಂಬಿಸುವಷ್ಟರಲ್ಲಿ ಯಲಗೂರಪ್ಪ ಜಾರಿ ಬಿದ್ದು ಸೊಂಟ ಹಿಡಿದುಕೊಂಡ. ಹದಕ್ಕೆ ಬರುತ್ತಿದ್ದ ನೀರೂ ಹೋಯಿತು. ಮರ್ಯಾದೆಯಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡ.

ಬಸಗೊಂಡಪ್ಪ ಬಂದರು. ಕೈಯಲ್ಲೊಂದು ಕೊಡ, ಕೊಡದಲ್ಲಿ ಮೀನಿನ ಮರಿ.

"ನಿನ್ನ ಗೊಬ್ಬರ ಸ್ವಲ್ಪ ನಮ್ಮ ಕೃಷಿ ಹೊಂಡಕ್ಕ ಬಿದ್ದಿತ್ತ ನೋಡಪಾ. ನೀರ ಹಚ್ಚಗಾಗಿ ಮೀನ ಹೆಂಗ ದುಂಡಗಾಗ್ಯಾವ! ನೀ ಹೇಳಿದ್ದೆಲ್ಲ, ಆ ತೊಟ್ಟಿ ನೀರೂ ಹಂಗ ಇರ್ತೈತಿ ಅಂತ ಇವನ್ನ ತಂದೀನಿ." ತೊಟ್ಟಿಯತ್ತ ನೋಡಿ ಅವರ ಹುಬ್ಬು ಗಂಟಾಯಿತು. "ಅಲಲಾ, ಇದು ಬರೇ ನಳದ ನೀರು! ನಿನ್ನ ಗೊಬ್ಬರ ನೀನ ಹಾಕಿಲ್ಲೇನ?"

"ಹಾಕಿದ್ನಿರಿ! ಹಚ್ಚಗ ಆಗಿತ್ರಿ! ಈಗರ ಚೆಲ್ಲೀನ್ರಿ! ಬೇಕಾದ್ರ ನಮ್ಮ ಪರಸವ್ವಕ್ಕನ್ನ ಕೇಳ್ರಿ!"

ಒಳಗೆ ಊಟದ ತಯಾರಿಯಲ್ಲಿದ್ದ ಪರಸವ್ವನಿಗೆ ಈ ಕೂಗಷ್ಟೇ ಕೇಳಿಸಿತು. ಪಾಪ, ಸಾಹುಕಾರರ ಎದುರು ಹೆದರಿ ತಪ್ಪು ಒಪ್ಪಿಕೊಳ್ಳುತ್ತಿದ್ದಾನೆ ಎಂದುಕೊಂಡಳು. ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು.

"ಸುಳ್ಳರಿ ಸಾಹುಕಾರ್ರ. ದೇವರಾಣಿ, ಗೊಬ್ಬರದ ಒಂದ ಹಳಕೂ ಹಾಕಿಲ್ಲ. ಅಂಥಾದ್ದ ಮನ್ಯಾಗ ಹಾಕೂವಷ್ಟ ಹುಚ್ಚ ಅಲ್ಲರಿ ನಮ್ಮ ತಮ್ಮ!"

"ಅಂದ್ರ ತನ್ನ ಮನಿಗೆ ಬ್ಯಾಡಾದ್ದು ನನ್ನ ತ್ವಾಟಕ್ಕ!" ಎಂದವರೇ ಬಸಗೊಂಡಪ್ಪ ಕೊಡ ಎತ್ತಿಕೊಂಡು, ಊಟಕ್ಕೂ ನಿಲ್ಲದೆ ಹೊರಟುಹೋದರು.

ಪರಸವ್ವ ಯಲಗೂರಪ್ಪನ ಬೆನ್ನು ತಟ್ಟಿದಳು.

"ಅಂಜಬ್ಯಾಡೋ. ಹೆಂಗ ಉಳಿಸಿದ್ನಿ ನೋಡ ನಿನ್ನ ಮಾನ!"